ಪೆಂಫಿಗಸ್ ಎಂದಷ್ಟೇ ಬರೆದರೆ ಸಾಲದು: ಯಾವ ಬಗೆ ಎಂದು ತಿಳಿಯುವವರೆಗೆ, ಮುಂಬೈಯಲ್ಲಿ

ದೊಡ್ಡಮ್ಮನಿಗೆ ಪೆಂಫಿಗಸ್: ದೇಹದ ಪ್ರತಿರೋಧ ಶಕ್ತಿಯೇ ತನ್ನ ಚರ್ಮದ ಮೇಲೆ ತಿರುಗಿಬಿದ್ದು ಗುಳ್ಳೆ ಎಬ್ಬಿಸುವ ಕಾಯಿಲೆ. ಆ ಶಕ್ತಿಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಔಷಧದ ಎರಡನೇ ಡ್ರಿಪ್ ಮುಗಿದಿದೆ. ಗುಳ್ಳೆಗಳು ಒಣಗಿವೆ, ಸ್ಟೀರಾಯ್ಡ್ ಇಳಿಯತೊಡಗಿದೆ. ಎಲ್ಲಿ ಕಾಯಬೇಕು, ಯಾವ ಕಾಗದ ಕೈಯಲ್ಲಿರಬೇಕು, ಯಾವ ಹಂತದಲ್ಲಿ ಏನು ಕೆಡುತ್ತದೆ ಎಂಬುದನ್ನೆಲ್ಲ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಕೆಳಗೆ ಔಷಧದ ಪ್ರಮಾಣ ಬರೆದಿರುವುದು ಕೈಗೆ ಬಂದ ಚೀಟಿ ಅರ್ಥವಾಗಲಿ ಎಂದು ಮಾತ್ರ. ಪ್ರಮಾಣ ಗೊತ್ತುಮಾಡುವವರು ಡಾಕ್ಟರು.

ಕಾಯಿಲೆ ಬಾಯಿಂದ ಶುರುವಾಯಿತು. ಕೆನ್ನೆಯ ಒಳಗೆ, ಒಸಡಿನ ಅಂಚಿನಲ್ಲಿ ಹಸಿ ಹುಣ್ಣು. ಡೊಂಬಿವಿಲಿಯ ಚಾಳಿನವರೆಲ್ಲ ‘ಉಷ್ಣ ಆಗಿದೆ’ ಅಂದರು. ಎಳನೀರು, ಬಿ ಕಾಂಪ್ಲೆಕ್ಸ್, ದಂತವೈದ್ಯರ ಜೆಲ್ಲು ಎಲ್ಲ ಆಯಿತು. ದೊಡ್ಡಮ್ಮನದು ಯಾವ ಬಗೆ ಎಂದು ಆಮೇಲೆ ತಿಳಿಯಿತು: ಪೆಂಫಿಗಸ್ ವಲ್ಗ್ಯಾರಿಸ್. ಅದು ಹೆಚ್ಚಿನವರಲ್ಲಿ ಹೀಗೆ ಬಾಯಿಂದಲೇ ಹೊರಡುತ್ತದೆ, ಚರ್ಮಕ್ಕಿಳಿಯಲು ತಿಂಗಳುಗಳೇ ಹಿಡಿಯಬಹುದು. ಬಾಯೊಳಗೆ ಗುಳ್ಳೆ ಕಾಣಿಸುವುದು ಅಪರೂಪ. ಎದ್ದ ಗಳಿಗೆಯಲ್ಲೇ ಒಡೆದು ಹಸಿ ಮಾಂಸ ಉಳಿಯುತ್ತದೆ, ಹಾಗಾಗಿ ಯಾರಿಗೂ ಇದು ಗುಳ್ಳೆಯ ಕಾಯಿಲೆ ಎಂದು ಹೊಳೆಯುವುದಿಲ್ಲ. ಸಾಮಾನ್ಯ ಬಾಯಿಹುಣ್ಣು ಒಂದೆರಡು ವಾರದಲ್ಲಿ ಮಾಯುತ್ತದೆ. ಅದಕ್ಕೂ ಮೀರಿ ಉಳಿದರೆ, ಹೊಸ ಹೊಸ ಜಾಗದಲ್ಲಿ ಬರುತ್ತಿದ್ದರೆ, ಇನ್ನೊಂದು ಜೆಲ್ಲು ತರುವ ಬದಲು ಚರ್ಮವೈದ್ಯರಿಗೆ ತೋರಿಸಿ.

ಎದೆ, ಬೆನ್ನು, ನೆತ್ತಿಗೆ ಗುಳ್ಳೆ ಬಂದಾಗ ಊರಿನಿಂದ ಫೋನಿನಲ್ಲಿ ‘ಸರ್ಪಸುತ್ತು, ಮಂತ್ರ ಹಾಕಿಸಿ’ ಎಂಬ ಸಲಹೆ ಬಂತು. ಸರ್ಪಸುತ್ತು ಮೈಯ ಒಂದೇ ಬದಿಗೆ ಪಟ್ಟಿಯ ಹಾಗೆ ಬರುತ್ತದೆ, ಉರಿಯುವ ನೋವು ಇರುತ್ತದೆ, ಕೆಲವು ವಾರಗಳಲ್ಲಿ ತಾನೇ ಒಣಗುತ್ತದೆ. ಎರಡೂ ಬದಿಗೆ ಎದ್ದು, ಒಡೆದ ಜಾಗ ಮಾಯದೆ ಅಂಚಿನಲ್ಲಿ ಹರಡುತ್ತಾ ಹೋಗುವುದು ಬೇರೆ ಕಾಯಿಲೆ. ಮಂತ್ರದಿಂದ ಕೇಡೇನಿಲ್ಲ, ಗುಳ್ಳೆಯ ಮೇಲೆ ಹಚ್ಚಲು ಕೊಡುವ ಕೆಮ್ಮಣ್ಣು, ಸೊಪ್ಪಿನ ರಸದಿಂದ ಕೇಡಿದೆ. ಹಸಿ ಗಾಯಕ್ಕೆ ಕೀವು ಹಿಡಿಸುವುದೇ ಅದು.

ಮುಂಬೈಯಲ್ಲಿ ಕೆಇಎಂ, ಸಾಯನ್, ನಾಯರ್, ಜೆಜೆ ಇವೆಲ್ಲ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು, ಎಲ್ಲ ಕಡೆ ಚರ್ಮ ವಿಭಾಗ ಇದೆ. ಒಪಿಡಿ ಬೆಳಗಿನ ಹೊತ್ತು. ಕೇಸ್ ಪೇಪರ್ ಕಿಟಕಿಯ ಸಾಲಿಗೆ ಒಬ್ಬರು ಮೊದಲೇ ಹೋಗಿ ನಿಂತು, ರೋಗಿಯನ್ನು ಆಮೇಲೆ ಕರೆತಂದರೆ ಒಳ್ಳೆಯದು. ಬೆಳಗಿನ ಲೋಕಲ್ಲಿನ ನೂಕಾಟದಲ್ಲಿ ಈ ಚರ್ಮ ಉಳಿಯುವುದಿಲ್ಲ. ಹೆಗಲಿಗೆ ಹೆಗಲು ತಿಕ್ಕಿದರೆ ಸಾಕು, ಸುಲಿಯುತ್ತದೆ. ಮೊದಲ ಭೇಟಿಗೆ ತಿನ್ನುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಹೆಸರು ಬಾಯಲ್ಲಿ ಹೇಳಿದರೆ ಅರ್ಧ ತಪ್ಪುತ್ತದೆ. ಏಕೆ ಬೇಕು ಎನ್ನುವುದು ಮುಂದೆ ಬರುತ್ತದೆ.

‘ಮಾವಶಿ, ನಿನ್ನೆ ಇವತ್ತಿನಲ್ಲಿ ಎದ್ದ ಗುಳ್ಳೆ ಯಾವುದು?’ ಎಂದೇ ರೆಸಿಡೆಂಟ್ ಡಾಕ್ಟರು ಶುರುಮಾಡಿದರು. ಹಳೆಯ ಗುಳ್ಳೆಗೆ ಬೆಲೆ ಇಲ್ಲ. ಆಮೇಲೆ ಗುಳ್ಳೆ ಸಡಿಲವೋ ಬಿಗಿಯೋ ಎಂದು ಒತ್ತಿ ನೋಡಿದರು. ಪಕ್ಕದ ಚೆನ್ನಾಗಿ ಕಾಣುವ ಚರ್ಮವನ್ನು ಬೆರಳಿನಿಂದ ಒತ್ತಿ ಸರಿಸಿದಾಗ ಮೇಲಿನ ಪದರ ಜಾರಿತು. ಇದಕ್ಕೆ ನಿಕೋಲ್‌ಸ್ಕಿ ಚಿಹ್ನೆ ಎನ್ನುತ್ತಾರೆ. ಒಬ್ಬರು ನೋಡಿದ ಮೇಲೆ ಇನ್ನೊಬ್ಬ ವಿದ್ಯಾರ್ಥಿ ಬಂದು ಮತ್ತೆ ಸರಿಸಲು ಹೊರಟರೆ ‘ಬೇಡ, ನೋವಾಗುತ್ತದೆ’ ಅನ್ನಬಹುದು. ಅದರಲ್ಲಿ ಅವಿನಯವೇನೂ ಇಲ್ಲ.

ಬಗೆಗಳು ಬೇರೆಯಾಗುವುದು ಈ ಮೇಜಿನ ಮೇಲೇ. ಸಡಿಲ ಗುಳ್ಳೆ, ಬಾಯಲ್ಲಿ ಹುಣ್ಣು, ನೋವು: ವಲ್ಗ್ಯಾರಿಸ್ ಕಡೆ ವಾಲುತ್ತದೆ. ಗುಳ್ಳೆಯೇ ಸರಿಯಾಗಿ ಕಾಣದೆ ನೆತ್ತಿ, ಮುಖ, ಎದೆಯ ನಡುವೆ, ಬೆನ್ನಿನ ಮೇಲ್ಭಾಗದಲ್ಲಿ ಹೊಟ್ಟಿನಂಥ ಹಕ್ಕಳೆ ಏಳುತ್ತಿದ್ದು, ಬಾಯಿ ಮಾತ್ರ ಸ್ವಚ್ಛವಾಗಿದ್ದರೆ ಪೆಂಫಿಗಸ್ ಫೋಲಿಯೇಸಿಯಸ್. ಇದನ್ನು ತಲೆಹೊಟ್ಟು, ಸೋರಿಯಾಸಿಸ್ ಎಂದು ತಿಂಗಳುಗಟ್ಟಲೆ ನೋಡಿಬಿಡುವುದುಂಟು. ಕಂಕುಳು, ತೊಡೆಸಂದಿಯಲ್ಲಿ ಒಡೆದ ಗುಳ್ಳೆಯ ಜಾಗ ದಪ್ಪಗಾಗಿ, ಉಬ್ಬಿ, ನಾರತೊಡಗಿದರೆ ವೆಜಿಟನ್ಸ್. ಇದು ವಲ್ಗ್ಯಾರಿಸ್‌ನದೇ ಒಂದು ರೂಪ. ಮುಖದ ಮೇಲೆ ಲೂಪಸ್ ಎಂಬ ಬೇರೊಂದು ಕಾಯಿಲೆಯ ದದ್ದಿನ ಹಾಗೆ ಕಂಡರೆ ಎರಿಥಿಮೆಟೋಸಸ್, ಫೋಲಿಯೇಸಿಯಸ್‌ನ ಕಡೆಯದು. ವಯಸ್ಸಾದವರಲ್ಲಿ ಮೊದಲು ವಾರಗಟ್ಟಲೆ ತಡೆಯಲಾರದ ತುರಿಕೆ, ಕೆಂಪು ದದ್ದು, ಆಮೇಲೆ ಒತ್ತಿದರೂ ಒಡೆಯದ ಬಿಗಿ ಗುಳ್ಳೆ ಬಂದರೆ ಅದು ಪೆಂಫಿಗಸ್ ಅಲ್ಲವೇ ಅಲ್ಲ, ಬುಲ್ಲಸ್ ಪೆಂಫಿಗಾಯ್ಡ್. ಹೆಸರು ಹತ್ತಿರ, ಕಾಯಿಲೆ ಬೇರೆ. ಅಮೆರಿಕದ ವಾಲ್ಟರ್ ಲೀವರ್ 1953ರಲ್ಲಿ ಇವೆರಡನ್ನೂ ಬೇರ್ಪಡಿಸುವವರೆಗೆ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುತ್ತಿದ್ದರು.

ಮಾತ್ರೆ ಸ್ಟ್ರಿಪ್ಪು ಕೇಳುವುದು ಇದಕ್ಕೇ. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಪ್ಟಿನ್‌ಗಳು, ಅದರಲ್ಲೂ ವಿಲ್ಡಾಗ್ಲಿಪ್ಟಿನ್, ಪೆಂಫಿಗಾಯ್ಡನ್ನು ಎಬ್ಬಿಸಬಲ್ಲವು. ನಮ್ಮಲ್ಲಿ ಅದು ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಬೆರೆತಿರುತ್ತದೆ, ತಿನ್ನುವವರಿಗೇ ಗೊತ್ತಿರುವುದಿಲ್ಲ. ಪೆನಿಸಿಲ್ಲಮೈನ್, ಬಿಪಿಗೆ ಕೊಡುವ ಕ್ಯಾಪ್ಟೋಪ್ರಿಲ್ ಎಂಬ ಔಷಧಗಳು ಪೆಂಫಿಗಸ್ ತರಿಸಬಹುದು. ಸಂಶಯ ಬಂದರೂ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಸಕ್ಕರೆಯ ಡಾಕ್ಟರು ಬದಲಿ ಬರೆದ ಮೇಲೆ ನಿಲ್ಲಿಸಿ.

ಅಂದೇ ಒಡೆದ ಗುಳ್ಳೆಯ ತಳವನ್ನು ಕೆರೆದು ಗಾಜಿನ ಮೇಲೆ ಸವರಿದರು: ಜಾಂಕ್ ಸ್ಮಿಯರ್. ಗೀಮ್ಸಾ ಬಣ್ಣ ಹಾಕಿ ನೋಡಿದರೆ ಪರಸ್ಪರ ಕೈಬಿಟ್ಟ ದುಂಡು ಕೋಶಗಳು ಕಾಣಬೇಕು. ಅಗ್ಗದ್ದು, ಬೇಗ ಆಗುತ್ತದೆ, ಆದರೆ ಪೆಂಫಿಗಸ್ ಇರಬಹುದು ಎನ್ನುತ್ತದೆಯೇ ಹೊರತು ಯಾವ ಬಗೆ ಎಂದು ಹೇಳುವುದಿಲ್ಲ.

ನಿಜವಾದ ತೊಡಕು ಬಯಾಪ್ಸಿಯಲ್ಲಿ, ಅಂದರೆ ಪರೀಕ್ಷೆಗೆ ಚರ್ಮದ ತುಂಡು ತೆಗೆಯುವುದರಲ್ಲಿ. ಇದಕ್ಕೂ ಮೊದಲು ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ತೆಗೆದ ಎರಡೂ ತುಂಡುಗಳನ್ನು ಫಾರ್ಮಲಿನ್ ಬಾಟ್ಲಿಗೇ ಹಾಕಿದ್ದರು. ಒಂದು ತುಂಡು ಅಲ್ಲಿಗೇ ವ್ಯರ್ಥ, ಆ ದುಡ್ಡೂ ಹೋಯಿತು, ದೊಡ್ಡಮ್ಮನ ಬೆನ್ನಿಗೆ ಇನ್ನೊಂದು ಹೊಲಿಗೆ ಬಿತ್ತು. ಸರಿಯಾದ ಕ್ರಮ ಹೀಗೆ. ಮೊದಲ ತುಂಡು ಹೊಸ ಗುಳ್ಳೆಯ ಅಂಚಿನಿಂದ, ಸಾಧ್ಯವಾದರೆ ಸಣ್ಣ ಗುಳ್ಳೆಯನ್ನು ಇಡಿಯಾಗಿ. ಅದು ಫಾರ್ಮಲಿನ್‌ಗೆ, ಸಾಮಾನ್ಯ ಸೂಕ್ಷ್ಮದರ್ಶಕ ಪರೀಕ್ಷೆಗೆ. ಗುಳ್ಳೆಗೆ ಒಂದು ದಿನ ಮೀರಿರಬಾರದು. ಹಳೆಯದಾದರೆ ತಳದಲ್ಲಿ ಹೊಸ ಚರ್ಮ ಬೆಳೆಯತೊಡಗಿ, ಚರ್ಮದ ಕೆಳಗೆ ಎದ್ದ ಗುಳ್ಳೆಯೂ ಚರ್ಮದೊಳಗೆ ಎದ್ದಂತೆ ತೋರುತ್ತದೆ. ಪೆಂಫಿಗಾಯ್ಡ್ ಹೋಗಿ ಪೆಂಫಿಗಸ್ ಆಗುವುದು ಹೀಗೆ. ಎರಡನೇ ತುಂಡು ಗುಳ್ಳೆಯಿಂದ ಅಲ್ಲ, ಅದರ ಪಕ್ಕ ಒಂದು ಸೆಂಟಿಮೀಟರಿನೊಳಗಿನ, ಚೆನ್ನಾಗಿ ಕಾಣುವ ಚರ್ಮದಿಂದ. ಇದು ಡೈರೆಕ್ಟ್ ಇಮ್ಯುನೋಫ್ಲೋರೆಸೆನ್ಸ್‌ಗೆ, ಅಂದರೆ ಚರ್ಮದ ಮೇಲೆ ದಾಳಿ ಮಾಡುವ ಪ್ರತಿಕಾಯ (ಆಂಟಿಬಾಡಿ) ಎಲ್ಲಿ ಕೂತಿದೆ ಎಂದು ಹೊಳೆಯುವ ಬಣ್ಣದಲ್ಲಿ ತೋರಿಸುವ ಪರೀಕ್ಷೆಗೆ. ಗುಳ್ಳೆಯಿಂದಲೇ ತೆಗೆದರೆ ಉರಿಯೂತದಲ್ಲಿ ಪ್ರತಿಕಾಯ ಕರಗಿಹೋಗಿ ಪರೀಕ್ಷೆ ಸುಳ್ಳೇ ನೆಗೆಟಿವ್ ಬರಬಹುದು. ಈ ತುಂಡು, ಪ್ರತಿಕಾಯ ಕೆಡದಂತೆ ಇಡುವ ಮಿಶೆಲ್ ದ್ರಾವಣಕ್ಕೆ ಹೋಗಬೇಕು. ಅದು ಸಿಗದಿದ್ದರೆ ಮಾಮೂಲಿ ಸಲೈನ್ ಕೂಡ ನಡೆಯುತ್ತದೆ, ಆದರೆ ಒಂದು ದಿನದೊಳಗೆ ಲ್ಯಾಬು ಮುಟ್ಟಬೇಕು. ಫಾರ್ಮಲಿನ್ ಮಾತ್ರ ಬೇಡವೇ ಬೇಡ.

ಅದಕ್ಕೇ ಬಾಟ್ಲಿಗಳ ಮೇಲೆ ಏನು ಬರೆದಿದೆ ಎಂದು ಓದಿ, ಕೇಳಿ. ಆಸ್ಪತ್ರೆಯಲ್ಲಿ ಈ ಪರೀಕ್ಷೆ ವಾರದ ಯಾವ ದಿನ ಮಾಡುತ್ತಾರೆ ಎಂದೂ ಮೊದಲೇ ವಿಚಾರಿಸಿ. ಶನಿವಾರ ತೆಗೆದ ತುಂಡು ಸಲೈನಿನಲ್ಲಿ ಸೋಮವಾರದವರೆಗೆ ಕೂತರೆ ಪ್ರಯೋಜನವಿಲ್ಲ. ಹೊರಗಿನ ಲ್ಯಾಬಿಗೆ ನೀವೇ ಒಯ್ಯಬೇಕಾದರೆ ಕೇಸ್ ಪೇಪರಿನ ಜೆರಾಕ್ಸ್, ತುಂಡು ತೆಗೆದ ಜಾಗ, ಹೊತ್ತು, ಡಾಕ್ಟರರ ಅನುಮಾನ ಬರೆದ ಚೀಟಿ ಜೊತೆಗಿರಲಿ. 4 ಮಿಲಿಮೀಟರಿನ ಪಂಚ್, ಜಾಗ ಮರಗಟ್ಟಿಸಿ ತೆಗೆಯುತ್ತಾರೆ, ನೋವು ಸೂಜಿಯದಷ್ಟೇ. ಸ್ಟೀರಾಯ್ಡ್ ಶುರುಮಾಡುವ ಮೊದಲೇ ಇದು ಆಗಿಬಿಟ್ಟರೆ ಉತ್ತಮ. ‘ಮೊದಲು ಮಾತ್ರೆ ತಗೊಳ್ಳಿ, ಆಮೇಲೆ ನೋಡೋಣ’ ಎನ್ನುವವರ ಮಾತಿಗೆ ಒಪ್ಪಿದರೆ ಆಮೇಲೆ ನೋಡಲು ಏನೂ ಉಳಿದಿರದೆ ಹೋಗಬಹುದು.

ರಿಪೋರ್ಟಿಗೆ ಕಾಯುವ ದಿನಗಳೇ ಕಷ್ಟದವು. ದೊಡ್ಡಮ್ಮ ಗಂಜಿ ಬಿಟ್ಟು ಏನೂ ನುಂಗಲಾರರು, ಮನೆಯವರಿಗೆ ಕ್ಯಾನ್ಸರಿನ ಭಯ, ನೆರೆಯವರಿಗೆ ಅಂಟೀತೆಂಬ ಭಯ. ಇದು ಅಂಟುವ ಕಾಯಿಲೆಯಲ್ಲ. ದೇಹದ ಪ್ರತಿರೋಧ ಶಕ್ತಿಯೇ ತನ್ನ ಚರ್ಮದ ಮೇಲೆ ತಿರುಗಿಬೀಳುವುದು. ಒಂದೇ ತಟ್ಟೆ, ಒಂದೇ ಹಾಸಿಗೆ, ಏನೂ ತೊಂದರೆ ಇಲ್ಲ.

ಬಂದ ಕಾಗದದಲ್ಲಿ ನೋಡಬೇಕಾದದ್ದು ಎರಡು: ಚರ್ಮ ಯಾವ ಆಳದಲ್ಲಿ ಬಿರಿದಿದೆ, ಪ್ರತಿಕಾಯ ಎಲ್ಲಿ ಕೂತಿದೆ. ವಲ್ಗ್ಯಾರಿಸ್‌ನಲ್ಲಿ ಬಿರುಕು ತೀರ ಕೆಳಗೆ, ತಳದ ಕೋಶಗಳ ಸಾಲಿನ ಸ್ವಲ್ಪ ಮೇಲೆ. ಫೋಲಿಯೇಸಿಯಸ್‌ನಲ್ಲಿ ತುದಿಯಲ್ಲಿ, ಸತ್ತ ಪದರದ ಕೆಳಗೇ. ಗುಳ್ಳೆ ನಿಲ್ಲದೆ ಹಕ್ಕಳೆಯಾಗುವುದು ಅದಕ್ಕೇ. ಪೆಂಫಿಗಾಯ್ಡಿನಲ್ಲಿ ಇಡೀ ಹೊರಚರ್ಮವೇ ಕೆಳಗಿನ ಪದರ ಬಿಟ್ಟು ಮೇಲೇಳುತ್ತದೆ, ಗುಳ್ಳೆಯ ಮಾಡು ದಪ್ಪ, ಹಾಗಾಗಿ ಬಿಗಿ. ಇಮ್ಯುನೋಫ್ಲೋರೆಸೆನ್ಸ್‌ನಲ್ಲಿ ಪೆಂಫಿಗಸ್‌ನ ಎರಡೂ ಬಗೆಗೆ ಕೋಶಕೋಶಗಳ ನಡುವೆ ಹಸಿರು ಗೆರೆ, ಮೀನಿನ ಬಲೆ ಹರಡಿದಂತೆ. ರಿಪೋರ್ಟಿನಲ್ಲಿ ‘ಫಿಶ್‌ನೆಟ್’ ಎಂದೇ ಬರೆಯುತ್ತಾರೆ. ಪೆಂಫಿಗಾಯ್ಡಿಗೆ ಕೆಳಗಿನ ಗಡಿಯುದ್ದಕ್ಕೂ ಒಂದೇ ನೇರ ಗೆರೆ.

ವಲ್ಗ್ಯಾರಿಸ್, ಫೋಲಿಯೇಸಿಯಸ್ ಎರಡಕ್ಕೂ ಬಲೆ ಒಂದೇ ಆದ್ದರಿಂದ ರಕ್ತದಲ್ಲಿ ಯಾವುದರ ವಿರುದ್ಧದ ಪ್ರತಿಕಾಯ ಎಷ್ಟಿದೆ ಎಂದು ಅಳೆಯುವ ಎಲಿಸಾ ಮಾಡಿಸುತ್ತಾರೆ: ಡೆಸ್ಮೋಗ್ಲೈನ್ 1, ಡೆಸ್ಮೋಗ್ಲೈನ್ 3. ಇವು ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೊಟೀನುಗಳು. ಚರ್ಮದಲ್ಲಿ 1 ಎಲ್ಲ ಪದರಗಳಲ್ಲೂ ಇದೆ, ಮೇಲೆ ಹೋದಂತೆ ಹೆಚ್ಚು. 3 ಇರುವುದು ಕೆಳಗಿನ ಪದರಗಳಲ್ಲಿ. ಬಾಯಲ್ಲಿ ಕೆಲಸವೆಲ್ಲ 3ರದು. ಈಗ ಲೆಕ್ಕ ಹಾಕಿ. 3ರ ಮೇಲೆ ಮಾತ್ರ ದಾಳಿಯಾದರೆ ಚರ್ಮವನ್ನು 1 ಕಾಪಾಡುತ್ತದೆ, ಬಾಯಿ ಒಡೆಯುತ್ತದೆ: ಬಾಯಲ್ಲಷ್ಟೇ ಇರುವ ವಲ್ಗ್ಯಾರಿಸ್. 1ರ ಮೇಲೆ ಮಾತ್ರ ಆದರೆ ಬಾಯನ್ನು 3 ಕಾಪಾಡುತ್ತದೆ, ಚರ್ಮದ ಮೇಲ್ಪದರ ಸುಲಿಯುತ್ತದೆ: ಫೋಲಿಯೇಸಿಯಸ್. ಎರಡರ ಮೇಲೂ ಆದರೆ ಬಾಯಿಯೂ ಹೋಯಿತು, ಚರ್ಮವೂ ಹೋಯಿತು: ಚರ್ಮಕ್ಕೂ ಇಳಿದ ವಲ್ಗ್ಯಾರಿಸ್. ದೊಡ್ಡಮ್ಮನದು ಮೂರನೆಯದು. ಬಾಯಲ್ಲಷ್ಟೇ ಇದ್ದ ತಿಂಗಳುಗಳ ಅರ್ಥ ಆಗ ತಿಳಿಯಿತು. ಎಲಿಸಾ ಎಲ್ಲ ಕಡೆ ಇರುವುದಿಲ್ಲ, ಖಾಸಗಿ ಲ್ಯಾಬಿನಲ್ಲಿ ಸಾವಿರಗಳ ಲೆಕ್ಕ. ಎರಡನ್ನೂ ಒಟ್ಟಿಗೆ ಮಾಡಿಸಿ, ಮುಂದಿನ ಸಲವೂ ಅದೇ ಲ್ಯಾಬಿನಲ್ಲೇ ಮಾಡಿಸಿ. ಬೇರೆ ಕಿಟ್ಟಿನ ಅಂಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಲಾಗುವುದಿಲ್ಲ. 1ರ ಅಂಕೆ ಕಾಯಿಲೆಯ ಏರಿಳಿತವನ್ನು ಚೆನ್ನಾಗಿ ಹಿಂಬಾಲಿಸುತ್ತದೆ. 3 ಮಾತ್ರ ಗಾಯ ಮಾಯ್ದ ಮೇಲೂ ಹೆಚ್ಚೇ ಇರಬಹುದು. ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಇನ್ನೊಂದು ಬಗೆ ಅಪರೂಪದ್ದು, ಆದರೆ ಬಿಟ್ಟುಬಿಡುವಂಥದ್ದಲ್ಲ. ತುಟಿಯೆಲ್ಲ ರಕ್ತದ ಹಕ್ಕಳೆ ಕಟ್ಟಿ, ಯಾವ ಔಷಧಕ್ಕೂ ಬಾಯಿ ಬಗ್ಗದಿದ್ದರೆ ಪ್ಯಾರಾನಿಯೋಪ್ಲಾಸ್ಟಿಕ್ ಪೆಂಫಿಗಸ್ ಅನುಮಾನಿಸಿ ಒಳಗೆ ಲಿಂಫೋಮಾದಂಥ ಗಡ್ಡೆ ಇದೆಯೇ ಎಂದು ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ಬಗೆ ತಿಳಿದರೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಪೆಂಫಿಗಾಯ್ಡಾದರೆ ಬಹಳ ಸಲ ಹಚ್ಚುವ ಮುಲಾಮಿನಲ್ಲೇ ಹಿಡಿತಕ್ಕೆ ತರಬಹುದು: ಕ್ಲೋಬೆಟಸಾಲ್ ಮೈಗೆಲ್ಲ, ತೀವ್ರವಾಗಿದ್ದರೆ ದಿನಕ್ಕೆ 40 ಗ್ರಾಮಿನವರೆಗೆ. ಅಂದರೆ 30 ಗ್ರಾಮಿನ ಟ್ಯೂಬು ಒಂದು ದಿನಕ್ಕೂ ಸಾಲದು, ತಿಂಗಳಿಗೆ ಪೆಟ್ಟಿಗೆಗಟ್ಟಲೆ. ಕೆಲವರಿಗೆ ಡಾಕ್ಸಿಸೈಕ್ಲಿನ್ ದಿನಕ್ಕೆ 200 ಮಿಲಿಗ್ರಾಂ ಕೊಟ್ಟು ಸ್ಟೀರಾಯ್ಡ್ ತಪ್ಪಿಸುತ್ತಾರೆ. ವಲ್ಗ್ಯಾರಿಸ್‌ಗೆ ಇದು ಸಾಲುವುದಿಲ್ಲ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ ತೂಕದ ಕಿಲೋಗೆ 0.5ರಿಂದ 1 ಮಿಲಿಗ್ರಾಂ, ಕೆಲವೊಮ್ಮೆ ಇನ್ನೂ ಹೆಚ್ಚು, ಜೊತೆಗೆ ರಿಟುಕ್ಸಿಮ್ಯಾಬ್. ಹಳೆಯ ರೋಗಿಗಳಿಂದ ‘ಪಲ್ಸ್’ ಎಂಬ ಮಾತು ಕೇಳಿಬರುತ್ತದೆ. ಏಮ್ಸ್‌ನ ಡಾ. ಜೆ. ಎಸ್. ಪಸ್ರೀಚಾ 1980ರ ದಶಕದಲ್ಲಿ ರೂಢಿಗೆ ತಂದದ್ದು: ಸತತ 3 ದಿನ 100 ಮಿಲಿಗ್ರಾಂ ಡೆಕ್ಸಾಮೆಥಸೋನ್, ಅದರಲ್ಲಿ ಒಂದು ದಿನ 500 ಮಿಲಿಗ್ರಾಂ ಸೈಕ್ಲೋಫಾಸ್ಫಮೈಡ್, 28 ದಿನಕ್ಕೊಮ್ಮೆ. ಅಗ್ಗ, ಇವತ್ತಿಗೂ ಕೊಡುತ್ತಾರೆ. ಆದರೆ ಸೈಕ್ಲೋಫಾಸ್ಫಮೈಡ್ ಮಕ್ಕಳಾಗುವ ಶಕ್ತಿಯನ್ನು ಕುಂದಿಸುತ್ತದೆ. ಮಕ್ಕಳು ಬೇಕೆನ್ನುವ ವಯಸ್ಸಿನವರು ಮೊದಲೇ ಬಾಯಿಬಿಟ್ಟು ಹೇಳಬೇಕು.

ರಿಟುಕ್ಸಿಮ್ಯಾಬ್‌ಗೆ ಮುನ್ನ ಪರೀಕ್ಷೆಗಳ ಪಟ್ಟಿಯೇ ಇದೆ: ರಕ್ತದ ಎಣಿಕೆ, ಲಿವರ್, ಸಕ್ಕರೆ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಎದೆಯ ಎಕ್ಸ್‌ರೇ, ಟಿಬಿ, ಇಸಿಜಿ. ಟಿಬಿಗೆಂದು ಕೈಯ ಚರ್ಮಕ್ಕೆ ಚುಚ್ಚುವ ಮಂಟೂ ಪರೀಕ್ಷೆಯನ್ನು 48ರಿಂದ 72 ಗಂಟೆಯೊಳಗೆ ಅಳೆಯಬೇಕು. ಗುರುವಾರ, ಶುಕ್ರವಾರ ಚುಚ್ಚಿಸಿಕೊಂಡರೆ ಅಳೆಯುವ ದಿನ ವಾರದ ಕೊನೆಗೆ ಬಂದು ಒಪಿಡಿ ಮುಚ್ಚಿರಬಹುದು. ಸೋಮವಾರ, ಮಂಗಳವಾರ ಚುಚ್ಚಿಸಿ. ನಮ್ಮನ್ನು ತಡೆದದ್ದು ಹೆಪಟೈಟಿಸ್ ಬಿ. ಸರ್ಫೇಸ್ ಆಂಟಿಜೆನ್ ನೆಗೆಟಿವ್, ಆದರೆ ಕೋರ್ ಆಂಟಿಬಾಡಿ ಪಾಸಿಟಿವ್: ಎಂದೋ ಬಂದು ಹೋದ ಸೋಂಕು. ರಿಟುಕ್ಸಿಮ್ಯಾಬ್ ಅದನ್ನು ಎಬ್ಬಿಸಿ ಲಿವರಿಗೆ ಅಪಾಯ ತರಬಲ್ಲದು. ಹೊಟ್ಟೆಯ ಡಾಕ್ಟರರ ಬಳಿ ಹೋಗಿ, ವೈರಸ್‌ನ ಡಿಎನ್‌ಎ ಪರೀಕ್ಷೆ ಮಾಡಿಸಿ, ಆ ವೈರಸ್ಸನ್ನು ತಡೆಯುವ ಎಂಟೆಕಾವಿರ್ ಮಾತ್ರೆ ಶುರುಮಾಡಿ ಆಮೇಲೆಯೇ ಹಸಿರು ನಿಶಾನೆ. ಕೆಲವು ಲ್ಯಾಬುಗಳ ಪ್ಯಾಕೇಜಿನಲ್ಲಿ ಸರ್ಫೇಸ್ ಆಂಟಿಜೆನ್ ಮಾತ್ರ ಇರುತ್ತದೆ. ‘ಕೋರ್ ಟೋಟಲ್’ ಎಂದು ಹೆಸರು ಹಿಡಿದು ಕೇಳಿ.

ದುಡ್ಡಿನ ವಿಚಾರ. ಒಂದು ಡ್ರಿಪ್ಪಿಗೆ 1 ಗ್ರಾಂ, ಅಂದರೆ 500 ಮಿಲಿಗ್ರಾಂನ ಎರಡು ವಯಲ್. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಅಷ್ಟೇ. ರೆಡಿಟಕ್ಸ್‌ನಂಥ ದೇಶೀ ಬ್ರ್ಯಾಂಡುಗಳಿವೆ. ವಯಲ್ ಮೇಲೆ ಅಚ್ಚಾದ ಬೆಲೆಗೂ ಕೊಡುವ ಬೆಲೆಗೂ ಅಜಗಜಾಂತರ, ಅಚ್ಚಿನ ಬೆಲೆಗೆ ಯಾರೂ ಕೊಳ್ಳಬೇಡಿ. ಪರೇಲಿನಲ್ಲಿ ಟಾಟಾ ಆಸ್ಪತ್ರೆಯ ಸುತ್ತಲಿನ ಔಷಧ ಅಂಗಡಿಗಳಲ್ಲಿ ಎರಡು ಮೂರು ಕಡೆ ಕೇಳಿ, ಬಿಲ್ಲಿನಲ್ಲಿ ಬ್ಯಾಚ್ ನಂಬರು ಬರೆಸಿ. 2ರಿಂದ 8 ಡಿಗ್ರಿಯಲ್ಲಿರಬೇಕು, ಐಸ್ ಪ್ಯಾಕಿನ ಡಬ್ಬಿ ಬೇಕು, ಫ್ರೀಜರಿನಲ್ಲಿಟ್ಟರೆ ಕೆಟ್ಟಿತು. ಮಹಾರಾಷ್ಟ್ರದ ರೇಷನ್ ಕಾರ್ಡ್, ಆಧಾರ್ ಇದ್ದವರು ಮಹಾತ್ಮಾ ಜ್ಯೋತಿರಾವ್ ಫುಲೆ ಜನಆರೋಗ್ಯ ಯೋಜನೆಯ (ರಾಜ್ಯ ಸರ್ಕಾರದ ಆರೋಗ್ಯ ವಿಮೆ) ಕಿಟಕಿಯಲ್ಲಿ ಆರೋಗ್ಯಮಿತ್ರರನ್ನು ಮೊದಲೇ ಕಾಣಿ. ರೇಷನ್ ಕಾರ್ಡ್ ಇನ್ನೂ ಊರಿನಲ್ಲೇ ಇರುವ ನಮ್ಮವರು ಇಲ್ಲಿ ಸಿಕ್ಕಿಬೀಳುತ್ತಾರೆ. ಖಾಸಗಿ ವಿಮೆ ಇದ್ದರೆ, ರಿಟುಕ್ಸಿಮ್ಯಾಬ್ ಸೇರಿರುವ ಮೊನೊಕ್ಲೋನಲ್ ಆಂಟಿಬಾಡಿ ಇಂಜೆಕ್ಷನ್ನು ವಿಮಾ ಪ್ರಾಧಿಕಾರ ಐಆರ್‌ಡಿಎಐನ 2019ರ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿದೆ. ಆದರೆ ಪಾಲಿಸಿಯಲ್ಲಿ ಅದಕ್ಕೆ ಪ್ರತ್ಯೇಕ ಮಿತಿ ಹಾಕಿರಬಹುದು. ಡೇ ಕೇರ್ ಎಂದು ಬರೆಸಿ, ಬಯಾಪ್ಸಿ ರಿಪೋರ್ಟು ಲಗತ್ತಿಸಿ ಮುಂಗಡ ಒಪ್ಪಿಗೆ ಪಡೆಯಿರಿ. ‘ಚರ್ಮದ ತೊಂದರೆ’ ಎಂದಷ್ಟೇ ಬರೆದ ಚೀಟಿ ತಿರುಗಿ ಬರುತ್ತದೆ. ಅಲ್ಲೂ ಬಗೆಯ ಹೆಸರು ಬೇಕು.

ಡ್ರಿಪ್ಪಿನ ದಿನ ಪ್ಯಾರಾಸಿಟಮಾಲ್, ಅಲರ್ಜಿ ತಡೆಯುವ ಏವಿಲ್, ಸ್ಟೀರಾಯ್ಡ್ ಮೊದಲು ಕೊಟ್ಟು, ಗಂಟೆಗೆ 50 ಮಿಲಿಗ್ರಾಂನಿಂದ ಶುರುಮಾಡಿ ಅರ್ಧ ಗಂಟೆಗೊಮ್ಮೆ 50 ಏರಿಸುತ್ತಾ 400ರವರೆಗೆ. ಏನೂ ಆಗದಿದ್ದರೆ ನಾಲ್ಕೂಕಾಲು ಗಂಟೆ. ಚಳಿ, ಗಂಟಲು ಕೆರೆತ, ದದ್ದು ಬಂದರೆ ತಕ್ಷಣ ಹೇಳಬೇಕು, ನಿಲ್ಲಿಸಿ ನಿಧಾನಕ್ಕೆ ಮತ್ತೆ ಹಾಕುತ್ತಾರೆ. ದೊಡ್ಡಮ್ಮನಿಗೆ ಚಳಿ ಬಂತು, ಸಂಜೆಯಾಯಿತು. ಎರಡನೆಯದು ಬೇಗ ಮುಗಿಯುತ್ತದೆ. ಬಿಪಿ ಮಾತ್ರೆ ಅಂದು ಬೆಳಗ್ಗೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ಹಿಂದಿನ ದಿನವೇ ಕೇಳಿ. ಡ್ರಿಪ್ಪಿನಲ್ಲಿ ಬಿಪಿ ಇಳಿಯುತ್ತದೆ. ಮಾರನೇ ದಿನವೇ ಗುಳ್ಳೆ ನಿಲ್ಲುವುದಿಲ್ಲ. ಪೂರ್ತಿ ಪರಿಣಾಮಕ್ಕೆ ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಸ್ಟೀರಾಯ್ಡೇ ಆಸರೆ. ‘ಇಷ್ಟು ದುಬಾರಿ ಇಂಜೆಕ್ಷನ್ ಆಯಿತಲ್ಲ’ ಎಂದು ಮಾತ್ರೆ ಬಿಟ್ಟವರು ಮತ್ತೆ ವಾರ್ಡು ಸೇರುತ್ತಾರೆ.

ಮನೆಯಲ್ಲಿ ಉಪಕಾರಕ್ಕೆ ಬಂದದ್ದು ಬಾಳೆಲೆ. ಇದು ಅಜ್ಜಿಮದ್ದಲ್ಲ, ನಮ್ಮ ದೇಶದ ಚರ್ಮ ಮತ್ತು ಸುಟ್ಟಗಾಯದ ವಾರ್ಡುಗಳಲ್ಲಿ ಬಳಸುವ ಪದ್ಧತಿ. ಮಾಟುಂಗಾ ಮಾರುಕಟ್ಟೆಯಲ್ಲಿ ಎಳೆಯ ಎಲೆ ಸಿಗುತ್ತದೆ. ದಿಂಡು ತೆಗೆದು, ತೊಳೆದು, ಹಬೆಯಲ್ಲಿ ಬೇಯಿಸಿ, ಆರಿಸಿ, ನಯವಾದ ಮುಖ ಮೇಲಾಗಿ ಹಾಸಿದರೆ ಹಸಿ ಬೆನ್ನು ಹಾಸಿಗೆಗೆ ಅಂಟುವುದಿಲ್ಲ. ದೊಡ್ಡ ಗುಳ್ಳೆಯನ್ನು ಶುಚಿಯಾದ ಸೂಜಿಯಿಂದ ಚುಚ್ಚಿ ನೀರು ತೆಗೆಯುತ್ತಾರೆ, ಮೇಲಿನ ತೊಗಲು ಕೀಳುವುದಿಲ್ಲ. ಅದೇ ಒಳ್ಳೆಯ ಪಟ್ಟಿ. ಪೊಟ್ಯಾಸಿಯಂ ಪರ್ಮಾಂಗನೇಟ್ ನೀರು ತೀರ ತೆಳು ಗುಲಾಬಿ ಬಣ್ಣಕ್ಕಿರಬೇಕು, ನೇರಳೆಯಾದರೆ ಚರ್ಮ ಸುಡುತ್ತದೆ. ಹರಳು ಪೂರಾ ಕರಗಿದೆಯೇ ನೋಡಿ. ಮಳೆಗಾಲದಲ್ಲಿ ಬಟ್ಟೆ ಒಣಗದು. ಹಳೆಯ ಹತ್ತಿ ಸೀರೆಯ ತುಂಡುಗಳನ್ನು ಇಸ್ತ್ರಿ ಮಾಡಿಯೇ ಬಳಸಿ. ಬಾಯಿಗೆ ಡಾಕ್ಟರು ಬರೆದಂತೆ ಬೀಟಾಮೆಥಸೋನ್ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಮುಕ್ಕಳಿಸಿ ಉಗುಳುವುದು, ನುಂಗಬಾರದು. ಹಪ್ಪಳ, ಚಕ್ಕುಲಿ, ಕೋರಿರೊಟ್ಟಿ, ಖಾರ ದೂರ. ಮೆತ್ತಗಿನ ಅನ್ನ, ಮಜ್ಜಿಗೆ, ಬೇಯಿಸಿದ ಬೇಳೆ, ಮೊಟ್ಟೆ. ಗಾಯದಿಂದ ಪ್ರೊಟೀನು ಸೋರುತ್ತಿರುತ್ತದೆ, ಗಂಜಿಯೊಂದರಲ್ಲೇ ಇಟ್ಟರೆ ರೋಗಿ ಸೊರಗುತ್ತಾರೆ. ನಾಲಿಗೆಯ ಮೇಲೆ ಬಿಳಿ ಪದರ ಬಂದರೆ ಕಾಯಿಲೆ ಹೆಚ್ಚಿತೆಂದಲ್ಲ, ಸ್ಟೀರಾಯ್ಡಿನಿಂದ ಬರುವ ಕ್ಯಾಂಡಿಡಾ ಶಿಲೀಂಧ್ರ. ತೋರಿಸಿ ಔಷಧ ಪಡೆಯಿರಿ.

ಸ್ಟೀರಾಯ್ಡ್ ಬೆಳಗ್ಗೆ ತಿಂಡಿಯಾದ ಮೇಲೆ. 5, 10, 20, 40 ಮಿಲಿಗ್ರಾಂನ ಸ್ಟ್ರಿಪ್ಪುಗಳು ಒಂದೇ ಥರ ಕಾಣುತ್ತವೆ, ಇಳಿಸುವ ದಿನಗಳಲ್ಲಿ ಬೇರೆ ಬೇರೆ ಡಬ್ಬಿಯಲ್ಲಿಡಿ. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದಷ್ಟೇ ಅಲ್ಲ, ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಸಕ್ಕರೆ, ಬಿಪಿ, ಕಣ್ಣು, ಮೂಳೆ ಇವುಗಳ ತಪಾಸಣೆ ನಡೆಯುತ್ತಿರಲಿ. ಜ್ವರ ಬಂದರೆ ಮನೆಯಲ್ಲಿ ಕಾಯಬೇಡಿ.

ಇನ್ನು ಮುಂದಿನದು: ಒಂದು ವರ್ಷಕ್ಕೆ ಮತ್ತು ಒಂದೂವರೆ ವರ್ಷಕ್ಕೆ 500 ಮಿಲಿಗ್ರಾಂನ ಡ್ರಿಪ್ ಕೊಡುವ ಕ್ರಮವಿದೆ. ನಮ್ಮ ಡಾಕ್ಟರು ಎಲಿಸಾ ನೋಡಿ ನಿರ್ಧರಿಸುತ್ತೇವೆ ಎಂದಿದ್ದಾರೆ. ಎಂಟೆಕಾವಿರ್ ಕೊನೆಯ ಡ್ರಿಪ್ ಆದ ಮೇಲೂ ಒಂದು ವರ್ಷಕ್ಕಿಂತ ಹೆಚ್ಚು ನಡೆಯುತ್ತದೆ. ಅಲ್ಲಿಯವರೆಗೆ ಜೀವಂತ ವೈರಸ್ಸಿನ ಲಸಿಕೆ ಯಾವುದೂ ಇಲ್ಲ. ಫ್ಲೂ, ನ್ಯೂಮೋನಿಯಾ ಲಸಿಕೆ ಬೇಕಾದರೆ ಮೊದಲ ಡ್ರಿಪ್ಪಿಗೆ ನಾಲ್ಕು ವಾರ ಮುಂಚೆಯೇ ಆಗಿರಬೇಕು, ಆಮೇಲೆ ಹಾಕಿಸಿದರೆ ಹಿಡಿಯುವುದು ಕಷ್ಟ. ಬಯಾಪ್ಸಿಯ ಮೇಣದ ಬ್ಲಾಕು, ಸ್ಲೈಡುಗಳು ಆಸ್ಪತ್ರೆಯಲ್ಲೇ ಉಳಿಯುತ್ತವೆ. ಊರಿಗೆ ಮರಳುವವರು ಅರ್ಜಿ ಕೊಟ್ಟು ಪಡೆದು, ರಿಪೋರ್ಟಿನ ನಂಬರು ಬರೆದ ಲಕೋಟೆಯಲ್ಲಿಟ್ಟುಕೊಳ್ಳಿ. ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹೊಸ ಡಾಕ್ಟರು ಮೊದಲು ಕೇಳುವುದು ಅದನ್ನೇ.